ವಿಭೂತಿ ಹಿಡಿದ ಕೈ

ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ ಒಂದನ್ನು ನಡೆಸುತ್ತಿದ್ದು, ಈಗ ನಮ್ಮ ನಡುವೆ ಇಲ್ಲದಿರುವ ಒಬ್ಬರ ಕುರಿತು ನನಗೆ ತಿಳಿದಿರುವಷ್ಟನ್ನು ಬರೆದಿಡಲು ಈ ಮೂಲಕ ಪ್ರಯತ್ನಿಸಿರುತ್ತೇನೆ. ಇದನ್ನು ಬರೆಯುವಂತೆ ಯಾರೂ ನನಗೆ ಸೂಚಿಸಿರುವುದಿಲ್ಲ. ಹರಪನಹಳ್ಳಿಯ ಕಚೇರಿಯೊಂದರಲ್ಲಿ ಪತ್ರಗಳನ್ನು ಬೆರಳಚ್ಚು ಮಾಡುವುದು ನನ್ನ ಉದ್ಯೋಗ. ಇತರರು ಹೇಳಿದ್ದನ್ನು ಬರೆದು ರೂಢಿಯಿದೆಯೇ ಹೊರತು ನನ್ನ ಮನಸ್ಸಿನದನ್ನು ಬರೆದು ರೂಢಿಯಿಲ್ಲ. ಆದಕಾರಣ ಎಲ್ಲಿಯಾದರೂ ಮಾತು ಬಿಗಿಯಾಗಿ ಕಂಡುಬಂದಲ್ಲಿ ಓದುಗರು ದಯಮಾಡಿ ಮನ್ನಿಸಬೇಕಾಗಿ ಕೋರುತ್ತೇನೆ.

ಅವರ ಹೆಸರನ್ನು ಇಲ್ಲಿ ನಮೂದಿಸಿರುವುದಿಲ್ಲ. ಹೆಸರು ಹಿಡಿದು ನಾನು ಅವರನ್ನು ಎಂದೂ ಕರೆದವಳಲ್ಲ. ಎದುರಿಗೆ "ಸರ್" ಎನ್ನುತ್ತಿದ್ದೆ; ಮನಸ್ಸಿನಲ್ಲಿ "ಅವರು" ಎಂದುಕೊಳ್ಳುತ್ತಿದ್ದೆ. ಇಲ್ಲಿಯೂ ಹಾಗೆಯೇ ಮುಂದುವರಿಸಿರುತ್ತೇನೆ.

ನಾನು ಪದವಿ ಮುಗಿಸಿ, ಕಂಪ್ಯೂಟರ್ ತರಬೇತಿ ಪಡೆದು, ಸದರಿ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ. ರೀಲು ಹಾಕುವ ಕ್ಯಾಮರಾಗಳು ಇನ್ನೂ ಬಳಕೆಯಲ್ಲಿದ್ದು, ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಕೆಲಸ ಆಗಷ್ಟೇ ನಮ್ಮ ಕಡೆಗೆ ಬಂದಿತ್ತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದಲೂ ಮದುವೆಯ ಕೆಲಸಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವರಿಗೆ ಆಗ ನಲವತ್ತರ ಸಮೀಪದ ವಯಸ್ಸು. ಮದುವೆ ಮಾಡಿಕೊಂಡಿರಲಿಲ್ಲ. ಗಂಡನನ್ನು ಕಳೆದುಕೊಂಡಿದ್ದ ಅವರ ಅಕ್ಕ ಸ್ಟುಡಿಯೋದ ಹಿಂದಿನ ಮನೆಯಲ್ಲಿ ಅವರೊಂದಿಗೆ ವಾಸವಾಗಿದ್ದರು. ಗಿರಾಕಿಗಳಿರಲಿ, ಕಸ ಗುಡಿಸಲು ಬರುವವರಿರಲಿ, ನಾನಿರಲಿ, ಅಕ್ಕನೊಬ್ಬರ ಹೊರತು ಎಲ್ಲರನ್ನೂ ಅವರು ಬಹುವಚನದಲ್ಲಿಯೇ ಮಾತನಾಡಿಸುತ್ತಿದ್ದರು. ಸಿಟ್ಟು ಬಂದಾಗಲೂ ಬಹುವಚನ ಬಿಡುತ್ತಿರಲಿಲ್ಲ. "ನಿಮಗ ಬುದ್ಧಿ ಐತೇನ್ರಿ?" ಎಂದು ಬೈಯುವರು. ಸಿಟ್ಟು ಬೇಗನೆ ಬರುತ್ತಿತ್ತು ಎಂಬುದನ್ನೂ ಮರೆಮಾಚತಕ್ಕದ್ದಲ್ಲ.

ಸ್ಟುಡಿಯೋದ ಹಿಂಬದಿಯಲ್ಲಿ, ಹಿಂದೆ ರೀಲು ತೊಳೆಯಲು ಬಳಸುತ್ತಿದ್ದ ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಹಳೆಯ ಟಿ.ವಿ.ಯ ಹಾಗೆ ಬೆನ್ನಿಗೆ ಗೂನು ಇರುವ ದಪ್ಪ ಮಾನಿಟರ್. ಅದರ ಮೇಲೆ ಕರಿಯ ಕಂಬಳಿಯೊಂದನ್ನು ಗುಡಾರದಂತೆ ಇಳಿಬಿಟ್ಟಿದ್ದರು. ಗುಡೇಕೋಟೆಯ ಕುರಿಗಾಹಿಯೊಬ್ಬರು ಮಗಳ ಮದುವೆಯ ಫೋಟೋಗಳನ್ನು ಮೆಚ್ಚಿ ಕೊಟ್ಟುಹೋಗಿದ್ದ ಕಂಬಳಿ ಅದು. ಹೊರಗಿನ ಬೆಳಕು ಪರದೆಯ ಮೇಲೆ ಬಿದ್ದರೆ ಬಣ್ಣ ತಪ್ಪಿ ಕಾಣುತ್ತದೆ ಎಂಬ ಕಾರಣಕ್ಕೆ ಆ ವ್ಯವಸ್ಥೆ. ನಡುಬೇಸಿಗೆಯಲ್ಲಿಯೂ ಅದರೊಳಗೆ ತಲೆ ತೂರಿಸಿ ಕೂರುತ್ತಿದ್ದರು. ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಬೆಳಿಗ್ಗೆ ಬಂದ ಕೂಡಲೇ ಮಾನಿಟರ್ ಹಚ್ಚಿ ಅವರು ಸುಮ್ಮನೆ ಕೂರುವರು. ಮೊದಲ ದಿನ ನಾನು ಕೆಲಸ ಆರಂಭಿಸಲು ಕೈ ಚಾಚಿದಾಗ ತಡೆದರು.

"ಗಡಿಬಿಡಿ ಮಾಡಬ್ಯಾಡ್ರಿ. ಅದು ಮೊದ್ಲು ಕಾಯಬೇಕು. ಹಾಲು ಕಾಸಲಾರ್ದ ಹೆಪ್ಪು ಹಾಕ್ತಾರೇನ್ರಿ?"

ಪರದೆ ಕಾದ ನಂತರ ಅದರ ತುಂಬ ಕಪ್ಪು ಬಣ್ಣವನ್ನು ತೆರೆಯುವರು. ಕೆಳಗಿನ ಗುಂಡಿ ಒತ್ತಿ ಬೆಳಕು ಏರಿಸುವರು, ಕಪ್ಪು ಬೂದಿಯಾಗುವುದು. ಮತ್ತೆ ನಿಧಾನವಾಗಿ ಇಳಿಸುವರು. ಬೂದಿ ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಯಿತೋ ಅಲ್ಲಿಗೆ ನಿಲ್ಲಿಸುವರು. "ಇಷ್ಟ ಸಾಕು. ಇದಕ್ಕಿಂತ ಇಳಿಸಿದ್ರ ಹೆರಳಿನಾಗಿನ ಎಳಿ ಎಲ್ಲ ಸತ್ತು ಹೋಗ್ತಾವು" ಎನ್ನುವರು. ಆಮೇಲೆ ಪರದೆಯ ತುಂಬ ಬಿಳಿ. ಆಗ ಗೋಡೆಯ ಗೂಡಿನಿಂದ ವಿಭೂತಿ ಗಟ್ಟಿಯನ್ನು ತೆಗೆಯುವರು.

ವಿಭೂತಿ ಎಂದರೆ ಹಣೆಗೆ ಹಚ್ಚುವ ವಿಭೂತಿಯೇ. ಕೋಣೆಯ ಉತ್ತರದ ಕಿಟಕಿಯನ್ನು ಅಂಗೈಯಗಲ ತೆರೆದು, ಆ ಬೆಳಕು ಬೀಳುವಂತೆ ಗಟ್ಟಿಯನ್ನು ಪರದೆಯ ಅಂಚಿಗೆ ಹಿಡಿಯುವರು. ಒಮ್ಮೆ ವಿಭೂತಿಯನ್ನು, ಒಮ್ಮೆ ಪರದೆಯನ್ನು ನೋಡುವರು. ಮಾನಿಟರಿನ ಬಿಳಿ ಸಾಮಾನ್ಯವಾಗಿ ನೀಲಿಗೆ ತಿರುಗಿರುತ್ತದೆ. ನಮ್ಮ ಕಣ್ಣು ಅದಕ್ಕೆ ಒಗ್ಗಿಕೊಂಡು ಅದನ್ನೇ ಬಿಳಿಯೆಂದು ನಂಬುತ್ತದೆ. ಪಕ್ಕದಲ್ಲಿ ವಿಭೂತಿ ಬಂದಾಗ ಮಾತ್ರ ಅದರ ನೀಲಿ ಬಯಲಾಗುತ್ತದೆ. ಕೆಂಪು, ಹಸಿರು, ನೀಲಿಗಳನ್ನು ಒಂದೊಂದಾಗಿ ಏರಿಸಿ ಇಳಿಸಿ, ಪರದೆಯ ಬಿಳಿಯೂ ವಿಭೂತಿಯ ಬಿಳಿಯೂ ಒಂದೇ ಮನೆಯವರಂತೆ ಕಂಡ ಮೇಲೆ ಗಟ್ಟಿಯನ್ನು ಗೂಡಿನಲ್ಲಿಟ್ಟು, ಬೆರಳಿಗೆ ಹತ್ತಿದ್ದನ್ನು ಹಣೆಗೆ ಒರೆಸಿಕೊಳ್ಳುವರು. ಅವರ ಪೂಜೆಯೂ ಅಲ್ಲಿಗೆ ಮುಗಿಯುತ್ತಿತ್ತು.

ಇಷ್ಟೆಲ್ಲ ಏಕೆಂಬುದನ್ನು ತಿಳಿಸುವುದು ಅಗತ್ಯ. ಫೋಟೋಗಳು ಅಚ್ಚಾಗುತ್ತಿದ್ದುದು ದಾವಣಗೆರೆಯ ಲ್ಯಾಬಿನಲ್ಲಿ. ತಿದ್ದಿದ ಫೋಟೋಗಳನ್ನು ಸಿ.ಡಿ.ಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮರುದಿನ ಸಂಜೆಯ ಬಸ್ಸಿಗೆ ಪ್ರಿಂಟುಗಳು ಬರುತ್ತಿದ್ದವು. ನಮ್ಮ ಪರದೆ ಅಗತ್ಯಕ್ಕಿಂತ ಹೆಚ್ಚು ಬೆಳಗುತ್ತಿದ್ದರೆ, ಚಿತ್ರ ಚೆನ್ನಾಗಿದೆ ಎಂದು ನಂಬಿ ಕಳಿಸುತ್ತೇವೆ. ಅಲ್ಲಿ ಅದು ಕಪ್ಪಾಗಿ ಅಚ್ಚಾಗುತ್ತದೆ. ಪರದೆ ನೀಲಿಗಿದ್ದರೆ ನಾವು ಹಳದಿ ಸುರಿಯುತ್ತೇವೆ. ಪ್ರಿಂಟಿನಲ್ಲಿ ಬೀಗರೆಲ್ಲ ಅರಿಸಿನ ಮೆತ್ತಿಕೊಂಡಂತೆ ಬರುತ್ತಾರೆ.

ಒಮ್ಮೆ ಕೂಡ್ಲಿಗಿ ಕಡೆಯ ಹಿರಿಯರೊಬ್ಬರು ಬಾಗಿಲಲ್ಲಿ ಇಣುಕಿದರು. ಕಂಬಳಿಯೊಳಗೆ ತಲೆ, ಕೈಯಲ್ಲಿ ವಿಭೂತಿ. ಹಿರಿಯರು ಹೌಹಾರಿ ನನ್ನನ್ನು ಪಿಸುದನಿಯಲ್ಲಿ ಕೇಳಿದರು.

"ಏನವ್ವಾ, ಮೈಮ್ಯಾಲ ದೇವ್ರು ಬಂದೈತೇನು?"

ಕಂಬಳಿಯೊಳಗಿನಿಂದಲೇ ಉತ್ತರ ಬಂತು. "ಬಂದೈತ್ರಿ ಯಜಮಾನ್ರ. ಏನ್ ಕೇಳೋದೈತಿ ಕೇಳ್ರಿ."

"ನಮ್ಮ ಮೊಮ್ಮಗನ ಫೋಟೋ ಯಾವಾಗ ಬರ್ತಾವು?"

"ನಾಳೆ ಸಂಜಿ ಬಸ್ಸಿಗೆ."

"ತಗಾ! ದೇವ್ರೂ ನಾಳೆ ಅಂತಾನ ಹೇಳ್ತಾನ" ಎನ್ನುತ್ತ ಹಿರಿಯರು ಹೊರಟುಹೋದರು. ಕಂಬಳಿ ಬಹಳ ಹೊತ್ತು ಅಲುಗಾಡುತ್ತಿತ್ತು. ಅವರು ನಕ್ಕಾಗ ಶಬ್ದ ಬರುತ್ತಿರಲಿಲ್ಲ.

ಪಕ್ಕದ ಬಳೆ ಅಂಗಡಿಯವರು ಬಣ್ಣಬಣ್ಣದ ಸೀರಿಯಲ್ ದೀಪ ಹಾಕಿ, ಅದರ ಬೆಳಕು ಕಿಟಕಿಯಿಂದ ಒಳಬರತೊಡಗಿದಾಗ ದೊಡ್ಡ ಜಗಳವೇ ನಡೆಯಿತು.

"ನಿಮ್ಮ ದೀಪದಿಂದ ನಮ್ಮ ಮದುಮಗಳಿಗೆ ಕಾಮಾಲಿ ಆಗೈತ್ರಿ!"

"ಆದ್ರ ನಾಟಿ ಔಷಧ ಕುಡಸ್ರಿ. ದೀಪ ತಗ್ಯಾ ಮಾತಿಲ್ಲ."

ಕೊನೆಗೆ ಅವರೇ ಸೋತು ನಮ್ಮ ಕಿಟಕಿಗೆ ರಟ್ಟು ಬಡಿದು, ಬೆಳಗಿನ ಹೊತ್ತು ಮಾತ್ರ ತೆಗೆಯುತ್ತಿದ್ದರು. ನಾನು ಕೆಂಪು ಸೀರೆ ಉಟ್ಟು ಬಂದ ದಿನವಂತೂ ನನ್ನನ್ನು ಪರದೆಯ ಮುಂದೆ ಕೂರಲು ಬಿಡುತ್ತಿರಲಿಲ್ಲ. "ಇವತ್ತು ನೀವು ಕೌಂಟರ್ ನೋಡ್ಕೊಳ್ರಿ. ನೀವು ಮುಂದ ಕುಂತ್ರ ಸ್ಕ್ರೀನು ನಾಚಿಕೊಂಡು ಕೆಂಪಗಾಗ್ತೈತಿ." ಸೀರೆಯ ಬಣ್ಣ ಗಾಜಿನಲ್ಲಿ ಪ್ರತಿಫಲಿಸುವ ವಿಷಯವಾಗಿ ಆಡಿದ ಮಾತು ಅದು. ಆದಾಗ್ಯೂ ನಾನು ಅದನ್ನು ಇಂದಿಗೂ ಮರೆತಿರುವುದಿಲ್ಲ.

ಅವರು ಸತ್ಯಸಂಧರೆಂದು ಹೇಳುವುದು ನನ್ನ ಉದ್ದೇಶವಲ್ಲ. ಗಿರಾಕಿ ಕೇಳಿದರೆ ಮದುಮಗಳನ್ನು ಬೆಳ್ಳಗೆ ಮಾಡುವರು, ಮದುಮಗನ ಬಕ್ಕತಲೆ ಮುಚ್ಚುವರು, ಮುನಿಸಿಕೊಂಡು ಬಾರದ ಸೋದರಮಾವನನ್ನು ಬೇರೊಂದು ಫೋಟೋದಿಂದ ತಂದು ಹಂದರದಲ್ಲಿ ನಿಲ್ಲಿಸುವರು. ಒಂದು ದಿನ ನಾನು ಕೇಳಿಯೇಬಿಟ್ಟೆ.

"ಕಡೀಕ ಸುಳ್ಳೇ ಮಾಡ್ತೀರಲ್ರಿ ಸರ್. ಮತ್ತ ಇಷ್ಟೊತ್ತು ಕುಂತು ಖರೇ ಬಣ್ಣ ಯಾಕ ಹುಡುಕ್ತೀರಿ?"

"ಸುಳ್ಳು ಹೇಳಾಕಾದ್ರೂ ಖರೇ ಗೊತ್ತಿರಬೇಕಲ್ರಿ. ಖರೇ ಎಲ್ಲೈತಿ ಅನ್ನೋದ ಗೊತ್ತಿಲ್ಲಂದ್ರ ಸುಳ್ಳು ಎತ್ತಾಗರ ಹೋಗ್ತೈತಿ. ಹಿಡ್ಯಾಕ ಆಗಂಗಿಲ್ಲ."

ಹೀಗೆ ಖರೆಯನ್ನು ವಿಭೂತಿಯ ಆಧಾರದ ಮೇಲೆ ನಿಲ್ಲಿಸಿದ್ದ ಅವರಿಗೆ ಆ ವಿಭೂತಿಯಿಂದಲೇ ಪೆಟ್ಟು ಬಿದ್ದ ಪ್ರಸಂಗವನ್ನು ಇನ್ನು ಹೇಳುತ್ತೇನೆ. ಚಪ್ಪಲಿ ಹಾಕಿಕೊಂಡು ಓಡಾಡುವ ಕೋಣೆಯಲ್ಲಿ ವಿಭೂತಿ ಇಡುವುದು ಅಕ್ಕನಿಗೆ ಮೊದಲಿನಿಂದಲೂ ಸರಿಬರುತ್ತಿರಲಿಲ್ಲ. ಒಂದು ಸೋಮವಾರ ಅಕ್ಕ ಗೂಡಿನಲ್ಲಿದ್ದ ಗಟ್ಟಿಯನ್ನು ಒಯ್ದು ದೇವರ ಜಗುಲಿಯ ಮೇಲಿಟ್ಟುಕೊಂಡು, ಅದರ ಸ್ಥಳದಲ್ಲಿ ಅಂಗಡಿಯಿಂದ ತಂದ ಬೇರೊಂದನ್ನು ಇಟ್ಟರು. ಗಂಧ ಬೆರೆಸಿದ ವಿಭೂತಿ ಅದು. ಬಿಡಿಯಾಗಿ ನೋಡಿದರೆ ಬಿಳಿಯೇ. ಆದರೆ ಒಂದು ಎಳೆ ಕೆಂಪಿಗೆ ತಿರುಗಿತ್ತು. ಅದು ಯಾರಿಗೂ ತಿಳಿಯಲಿಲ್ಲ. ಅದಕ್ಕೆ ತಕ್ಕಂತೆ ಪರದೆ ಕೆಂಪಾಯಿತು, ಆ ಕೆಂಪನ್ನು ಕಳೆಯಲು ನಾವು ಫೋಟೋಗಳನ್ನೆಲ್ಲ ನೀಲಿಗೆ ಎಳೆದೆವು. ಹಡಗಲಿಯ ಮದುವೆಯೊಂದರ ಪ್ರಿಂಟುಗಳು ಬಂದು, ಹೆಣ್ಣಿನ ತಂದೆ ಆಲ್ಬಂ ತೆರೆದರು.

"ಏನ್ರೀ ಇದು? ನಮ್ಮ ಅಳಿಯ ಬಯಲಾಟದಾಗ ಕೃಷ್ಣನ ಪಾರ್ಟು ಹಾಕ್ದಂಗ ಅದಾನ! ಬೀಗ್ರು ನೋಡಿದ್ರ ಕೊಳಲು ಎಲ್ಲೈತಿ ಅಂತ ಕ್ಯಾಳ್ತಾರ!"

ಅವರು ಎಲ್ಲ ಫೋಟೋಗಳನ್ನೂ ಹೊಸದಾಗಿ ಮಾಡಿಕೊಡಲು ಒಪ್ಪಿಕೊಂಡರು. ಕಾರಣ ಹುಡುಕುತ್ತ ಹುಡುಕುತ್ತ ಅಕ್ಕನವರೆಗೆ ಬಂದಾಗ ಅಕ್ಕನೂ ಬಿಟ್ಟುಕೊಡಲಿಲ್ಲ.

"ಯಪ್ಪಾ, ಇಭೂತಿ ಅಂದ್ರ ಇಭೂತಿನ ಅಲ್ಲೇನು? ದೇವ್ರಿಗೆ ನಡೀತೈತಿ, ನಿನ್ನ ಟೀವಿಗೆ ನಡ್ಯಂಗಿಲ್ಲೇನು?"

"ದೇವ್ರು ಸುಧಾರಿಸ್ಕೊಂತಾನ ಅಕ್ಕಾ. ದಾವಣಗೆರಿ ಮಷಿನ್ನು ಸುಧಾರಿಸ್ಕೊಳ್ಳಂಗಿಲ್ಲ."

ಹಳೆಯ ಗಟ್ಟಿ ಜಗುಲಿಯಿಂದ ಗೂಡಿಗೆ ಹಿಂತಿರುಗಿತು. ಆದರೆ ಅವರ ನಂಬಿಕೆ ಪೂರ್ತಿ ಹಿಂತಿರುಗಲಿಲ್ಲ. ಮರುದಿನ ನನ್ನನ್ನು ಕರೆದು ಹೇಳಿದರು.

"ಬಿಳಿ ಒಂದನ್ನ ನಂಬಿ ಕುಂದ್ರಬಾರ್ದು. ಮನುಷ್ಯಾರ ಮುಖ ಬೇಕು. ಮುಖದ ಬಣ್ಣ ಒಂದೆಳಿ ತಪ್ಪಿದ್ರೂ ನಮ್ಮ ಕಣ್ಣು ಹಿಡೀತೈತಿ. ನಿಮ್ಮ ಫೋಟೋ ತೆಗೀಲೇನ್ರಿ?"

"ನನ್ನದ್ಯಾಕ್ರಿ ಸರ್? ನಾನು ಕಪ್ಪದೀನಿ."

"ಕಪ್ಪು ಬಿಳುಪು ನಂಗೊತ್ತಿಲ್ರಿ. ದಿನಾ ಎದುರಿಗಿರೋ ಮುಖ ಬೇಕು, ಪ್ರಿಂಟಿನ ಜೋಡಿ ಹಿಡಿದು ನೋಡಾಕ. ನೀವು ದಿನಾ ಬರ್ತೀರಿ."

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಸ್ಟುಡಿಯೋದ ಬಾಗಿಲಿಗೆ, ನೇರ ಬಿಸಿಲಿಲ್ಲದ ಒಂದು ತಿಳಿಬೆಳಕು ಬರುತ್ತಿತ್ತು. ಅಲ್ಲಿ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಪೌಡರ್ ಹಚ್ಚಿಕೊಂಡಿದ್ದೆ, ತೊಳೆದು ಬರಲು ಹೇಳಿದರು. ವಿಭೂತಿ ಗಟ್ಟಿಯನ್ನು ಕೆನ್ನೆಯ ಪಕ್ಕ ಹಿಡಿದುಕೊಳ್ಳಬೇಕಿತ್ತು. ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದುದರಿಂದ ನನ್ನ ಕೈ ತಾನಾಗಿಯೇ ಇಳಿಯುತ್ತಿತ್ತು. ಕೊನೆಗೆ ಕ್ಯಾಮರಾವನ್ನು ಸ್ಟ್ಯಾಂಡಿಗೆ ಬಿಗಿದು, ಬಲಗೈ ಗುಂಡಿಯ ಮೇಲಿಟ್ಟು, ಎಡಗೈಯನ್ನು ಉದ್ದಕ್ಕೆ ಚಾಚಿ ಅವರೇ ವಿಭೂತಿಯನ್ನು ಹಿಡಿದರು. ಅವರ ಕೈ ನನ್ನ ಕೆನ್ನೆಗೆ ತಾಗಿರುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುತ್ತೇನೆ. ನಡುವೆ ಒಂದು ವಿಭೂತಿ ಗಟ್ಟಿಯಷ್ಟು ಅಂತರವಿತ್ತು.

ಫೋಟೋದ ಅಂಚಿನಲ್ಲಿ ಮಣಿಕಟ್ಟಿನವರೆಗೆ ಅವರ ಕೈ ಬಂದಿತ್ತು. "ಕೈ ಕತ್ತರಿಸಿ ತೆಗೀರಿ ಸರ್" ಎಂದೆ. "ಇರ್ಲಿ ಬಿಡ್ರಿ. ಎರಡು ಬಣ್ಣ ಇದ್ರ ಆಧಾರ ಇನ್ನೂ ಗಟ್ಟಿ" ಎಂದರು.

ಏನನ್ನೂ ತಿದ್ದಬಾರದೆಂದು ಲ್ಯಾಬಿಗೆ ತಾಕೀತು ಮಾಡಿ ಪ್ರಿಂಟು ತರಿಸಿದರು. ಅದೇ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಪ್ರಿಂಟನ್ನು ಮುಖದ ಪಕ್ಕ ಹಿಡಿದು ನೋಡಿ, ಸರಿಯಿಲ್ಲವೆಂದು ಹಿಂತಿರುಗಿಸಿದರು. ಇನ್ನೊಂದು ಬಂತು, ಅದೂ ಹಿಂತಿರುಗಿತು. ಕೊನೆಗೆ ಒಂದು ದಿನ ಪ್ರಿಂಟನ್ನು ಹಿಡಿದವರು ಬಹಳ ಹೊತ್ತು ಇಳಿಸಲೇ ಇಲ್ಲ. "ಇವರಽ ನೀವು" ಎಂದರು. ಬೆಳಕು ತಾಗಿದರೆ ಪ್ರಿಂಟು ಮಾಸುತ್ತದೆಂದು ಅದನ್ನು ಫೋಟೋ ಪೇಪರ್ ಬರುವ ಕರಿಯ ಕವರಿನಲ್ಲಿ ಹಾಕಿ ಗೂಡಿನಲ್ಲಿ ವಿಭೂತಿಯ ಕೆಳಗೆ ಇಟ್ಟರು.

ಅಂದಿನಿಂದ ದಿನಚರಿ ಹೀಗಾಯಿತು. ಮೊದಲು ಕಪ್ಪು, ನಂತರ ವಿಭೂತಿ, ನಂತರ ನಾನು. ಪರದೆಯ ಮೇಲೆ ನನ್ನ ಫೋಟೋ ತೆರೆದು, ಕವರಿನಿಂದ ಪ್ರಿಂಟು ತೆಗೆದು ಪಕ್ಕದಲ್ಲಿ ಹಿಡಿಯುವರು. ಎರಡೂ ಕೂಡಿದರೆ ಪರದೆ ಆ ದಿನದ ಕೆಲಸಕ್ಕೆ ಸಿದ್ಧ. ಅನುಮಾನ ಬಂದ ದಿನ, "ಸ್ವಲ್ಪ ಬಾಗ್ಲಿಗೆ ಬರ್ರಿ" ಎಂದು ಕರೆಯುವರು. ನಾನು ಹೋಗಿ ಬೆಳಕಿಗೆ ಮುಖ ಕೊಟ್ಟು ನಿಲ್ಲುತ್ತಿದ್ದೆ. ಪ್ರಿಂಟನ್ನೂ ನನ್ನನ್ನೂ ಒಂದೇ ಗಮನದಿಂದ ನೋಡುವರು. "ಇವರೊಬ್ಬರು ಸರಿ ಬಂದ್ರ ಸುತ್ತಿನ ತಾಲ್ಲೂಕೆಲ್ಲ ಸರಿ ಬರ್ತಾವು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಹೋಗುವರು.

ಅದು ನನಗೆ ಏನಾಗಿತ್ತು ಎಂಬುದನ್ನು ವಿವರಿಸಲು ಒಂದು ಸಂಗತಿ ಹೇಳಲೇಬೇಕು. ಅದಕ್ಕೂ ಮೊದಲು ನನಗೆ ಬಂದ ಸಂಬಂಧಗಳಿಗೆಲ್ಲ ನಮ್ಮ ತಾಯಿ ಬೇರೊಂದು ಊರಿನಲ್ಲಿ ತೆಗೆಸಿ, ಬೆಳ್ಳಗೆ ಮಾಡಿಸಿದ ಫೋಟೋವನ್ನು ಕಳಿಸಿದ್ದರು. ಫೋಟೋ ನೋಡಿ ಬಂದವರು, ನಾನು ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಹಿಡಿದು ಹೊರಗೆ ಬಂದಾಗ, ಒಳಗಿನಿಂದ ಇನ್ನೊಬ್ಬಳು ಬರುತ್ತಾಳೇನೋ ಎಂಬಂತೆ ನನ್ನ ಹಿಂದೆ ನೋಡುತ್ತಿದ್ದರು. ತಿಂದು, ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೋಗುತ್ತಿದ್ದರು. ನನ್ನ ಮುಖವನ್ನು, ಅದು ಬೇರೆ ಇರಬೇಕಿತ್ತು ಎಂದುಕೊಳ್ಳದೆ ನೋಡಿದವರು ಅವರೊಬ್ಬರೇ. ಅದು ಕೆಲಸದ ನಿಮಿತ್ತವಾಗಿ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಬೆಳಿಗ್ಗೆ ಅವರಿಗೆ ಅನುಮಾನ ಬರಲಿ ಎಂದು ಬಯಸುತ್ತಿದ್ದೆ.

ಹರಪನಹಳ್ಳಿಯ ಸಂಬಂಧ ಬಂದಾಗ ನಮ್ಮ ತಾಯಿ ನೇರವಾಗಿ ಸ್ಟುಡಿಯೋಗೇ ಬಂದರು.

"ನೋಡ್ರಿ ಯಪ್ಪಾ, ಊರಾಗಿನ ಹೆಣ್ಮಕ್ಕಳ್ನೆಲ್ಲ ಹಾಲಿನಂಗ ಮಾಡೀರಿ. ನಿಮ್ಮ ಅಂಗಡ್ಯಾಗ ದುಡಿಯೋ ಈಕಿನ್ನ ಒಂದೀಟು ತಿಳಿ ಮಾಡ್ರಿ. ಈ ಸಂಬಂಧ ತಪ್ಪಿದ್ರ ಈಕಿಗೆ ಮುಂದ ಯಾರೂ ಬರಂಗಿಲ್ಲ."

"ಆತ್ರಿ ಅವ್ವಾರ" ಎಂದರು ಅವರು.

ತಾಯಿ ಹೋದ ಮೇಲೆ ನನ್ನ ಎದುರಿಗೇ ಆ ಕೆಲಸಕ್ಕೆ ಕುಳಿತರು. ಬಾಗಿಲಲ್ಲಿ ತೆಗೆದ ಇನ್ನೊಂದು ಫೋಟೋ ಇತ್ತು, ವಿಭೂತಿ ಇಲ್ಲದ್ದು. ಅದನ್ನು ತೆರೆದು ಬಣ್ಣವನ್ನು ಒಂದು ಎಳೆ ತಿಳಿಯಾಗಿಸಿದರು, ಇನ್ನೊಂದು ಎಳೆ, ಮತ್ತೊಂದು. ಯಾರ್ಯಾರಿಗೋ ಸಲೀಸಾಗಿ ಮಾಡುತ್ತಿದ್ದ ಕೆಲಸ. ನನ್ನ ಮುಖ ಪರದೆಯ ಮೇಲೆ ಬೆಳ್ಳಗಾಗುತ್ತ ಹೋಯಿತು. ಅವರು ಕಂಬಳಿ ಸರಿಸಿ ನನ್ನ ಕಡೆ ತಿರುಗಿದರು.

"ಇವರು ಯಾರಂತ ನನಗ ಗುರ್ತಾಗವಲ್ದು. ಎರಡೂ ಅದಾವು. ಯಾವ್ದು ಕಳಸ್ಲಿ, ನೀವ ಹೇಳ್ರಿ. ನಿಮ್ಮ ಅವ್ವಾರ ಸಿಟ್ಟು ನಾ ನೋಡ್ಕೊಂತೀನಿ."

ತಾಯಿಯ ಮಾತು ಸುಳ್ಳಾಗಿರಲಿಲ್ಲ. ಇದೂ ತಪ್ಪಿದರೆ ನನ್ನ ಗತಿ ಏನೆಂಬುದು ನನಗೂ ತಿಳಿದಿತ್ತು. ಆದಾಗ್ಯೂ ಹೇಳಿದೆ.

"ಇದ್ದಂಗ ಇರೋದನ್ನ ಕಳಸ್ರಿ ಸರ್."

ಅವರು ಪರದೆಯ ಕಡೆ ತಿರುಗಿ, ಗೂಡಿನಿಂದ ವಿಭೂತಿಯನ್ನು ತೆಗೆದು ಅಂಚಿಗೆ ಹಿಡಿದರು. ಮಧ್ಯಾಹ್ನವಾಗಿತ್ತು, ಕಿಟಕಿಗೆ ರಟ್ಟು ಹಾಕಿತ್ತು, ಬೆಳಗಿನ ಹೊಂದಾಣಿಕೆ ಯಾವಾಗಲೋ ಮುಗಿದಿತ್ತು. ಆದರೂ ಹಿಡಿದುಕೊಂಡೇ ಕುಳಿತಿದ್ದರು.

ಫೋಟೋ ನೋಡಿದ ತಾಯಿ ಸ್ಟುಡಿಯೋದ ಮೆಟ್ಟಿಲ ಮೇಲೆ ನಿಂತು, "ಇಷ್ಟು ದಿನ ದುಡದದ್ದಕ್ಕ ಒಂದೀಟು ಬಿಳಿ ಬಣ್ಣ ಹಾಕಾಕ ನಿಮ್ಮ ಕೈಗೆ ಬರಲಿಲ್ಲೇನ್ರಿ?" ಎಂದು ಕೂಗಾಡಿದರು. ಅವರು ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಹರಪನಹಳ್ಳಿಗೆ ಹೋಗುವವರು ಹೊರಟು ನಿಂತಿದ್ದರಿಂದ ಅದೇ ಫೋಟೋ ಹೋಯಿತು.

ಗಂಡಿನ ಕಡೆಯವರು ಬಂದರು. ನಾನು ತಟ್ಟೆ ಹಿಡಿದು ಹೊರಗೆ ಬಂದೆ. ಈಗ ನನಗೆ ಅತ್ತೆಯಾಗಿರುವವರು ತಮ್ಮ ಚೀಲದಿಂದ ಫೋಟೋ ತೆಗೆದು, ನನ್ನನ್ನು ಕಿಟಕಿಯ ಬೆಳಕಿಗೆ ಕರೆದು, ಅದನ್ನು ನನ್ನ ಮುಖದ ಪಕ್ಕ ಹಿಡಿದು ನೋಡಿದರು.

"ಫೋಟೋದಾಗ ಹೆಂಗದಾಳೋ ಹಂಗೇ ಅದಾಳೆ. ಮುಚ್ಚುಮರೆ ಇಲ್ಲ. ನಮಗೆ ಒಪ್ಪಿಗೆ" ಎಂದರು.

ನಮ್ಮ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಸಂತೋಷವಾಗಬೇಕಿತ್ತು. ಆದರೆ ಮುಖದ ಪಕ್ಕ ಆ ಫೋಟೋ ಬಂದ ಕೂಡಲೇ, ನಾನು ಸ್ಟುಡಿಯೋದ ಬಾಗಿಲಲ್ಲಿ ನಿಂತಂತೆ ಕಣ್ಣು ತಗ್ಗಿಸಿದ್ದೆ. ಕಣ್ಣೆತ್ತಿದಾಗ ಎದುರಿಗೆ ಇದ್ದವರು ಬೇರೆಯವರಾಗಿದ್ದರು.

ನನ್ನ ಪತಿ ಒಳ್ಳೆಯವರು. ನನಗೆ ಯಾವ ಕೊರತೆಯೂ ಇರುವುದಿಲ್ಲ. ನಮ್ಮ ತವರಿನವರೂ ಸ್ಟುಡಿಯೋದ ಅವರ ಮನೆಯವರೂ ಪರಸ್ಪರ ಹೆಣ್ಣು ಕೊಟ್ಟು ತರುವ ಬಳಗದವರಲ್ಲ ಎಂಬುದನ್ನೂ ಇಲ್ಲಿಯೇ ತಿಳಿಸಿಬಿಡುತ್ತೇನೆ. ಅಂತಹ ಪ್ರಸ್ತಾಪವನ್ನು ಯಾರೂ ಎಂದೂ ಮಾಡಿರುವುದಿಲ್ಲ.

ಕೆಲಸ ಬಿಟ್ಟ ದಿನ ನಾನು ಕೇಳಿದೆ. "ಇನ್ಮ್ಯಾಲ ಬಾಗ್ಲಿಗೆ ಯಾರು ಬರ್ತಾರ್ರಿ ಸರ್?"

"ಪ್ರಿಂಟ್ ಐತಲ್ರಿ" ಎಂದರು. ಆಮೇಲೆ, "ಅಲ್ಲಿ ಬಿಸ್ಲಾಗ ಭಾಳ ತಿರುಗಾಡಬ್ಯಾಡ್ರಿ. ಬಣ್ಣ ಬದಲಾದ್ರ ನಮ್ಮ ಪ್ರಿಂಟು ಸುಳ್ಳಾಗ್ತೈತಿ" ಎಂದರು. ನನ್ನ ಮದುವೆಯ ಫೋಟೋಗಳನ್ನು ತೆಗೆದವರು ಅವರೇ. ಆಲ್ಬಮಿನಲ್ಲಿ ಎಲ್ಲರ ಬಣ್ಣವೂ ಅವರವರದ್ದೇ ಆಗಿದೆ.

ಆ ನಂತರದ ವರ್ಷಗಳಲ್ಲಿ ತವರಿಗೆ ಹೋದಾಗ ಸ್ಟುಡಿಯೋದ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಕಂಬಳಿಯ ಗುಡಾರ ಕಾಣುತ್ತಿತ್ತು. ಜೊತೆಯಲ್ಲಿ ಯಾರಾದರೂ ಇರುತ್ತಿದ್ದುದರಿಂದ ನಿಂತಿರುವುದಿಲ್ಲ.

ಅವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಅಕ್ಕನನ್ನು ಕಾಣಲು ಹೋದಾಗ ಪಡಸಾಲೆಯಲ್ಲಿ ಹಾರ ಹಾಕಿದ ದೊಡ್ಡ ಫೋಟೋ ಇತ್ತು. ಎಲ್ಲರ ಫೋಟೋ ತೆಗೆದವರ ಫೋಟೋವನ್ನು ಬಣ್ಣದಲ್ಲಿ ಯಾರೂ ತೆಗೆದಿರಲಿಲ್ಲ. ಹಿಂದೆ ಯಾವುದೋ ಅರ್ಜಿಗೆಂದು ತೆಗೆಸಿದ್ದ ಕಪ್ಪುಬಿಳುಪಿನ ಸಣ್ಣ ಚಿತ್ರವೊಂದು ಸಿಕ್ಕಿ, ಬೇರೆ ಊರಿನ ಹೊಸ ಸ್ಟುಡಿಯೋದವರು ಅದಕ್ಕೆ ಬಣ್ಣ ತುಂಬಿ ಕೊಟ್ಟಿದ್ದರು. ಗುಲಾಬಿ ಕೆನ್ನೆ, ಹಾಲಿನಂತಹ ಹಣೆ.

"ಇಂವ ನಮ್ಮ ಹುಡುಗ ಅಲ್ಲ ತಂಗಿ" ಎಂದು ಅಕ್ಕ ನನ್ನ ಕೈ ಹಿಡಿದುಕೊಂಡರು. "ಬ್ಯಾರೇ ಯಾರ್ದೋ ಮನಿ ಮಗನ್ನ ತಂದು ಹಾರ ಹಾಕ್ದಂಗ ಆಗೈತಿ. ನನಗ ಎದುರಿಗೆ ಕುಂತು ಅಳಾಕೂ ಬರವಲ್ದು. ಬಣ್ಣದ ಕೆಲಸ ನಿನಗ ಗೊತ್ತೈತಿ. ಅಂವನ ಬಣ್ಣ ಹೆಂಗಿತ್ತು, ನೀನಽ ಹೇಳವ್ವಾ."

ನಾನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ನಾನು ಅವರನ್ನು ಕಂಡದ್ದು ಬಹುತೇಕ ಕಂಬಳಿಯೊಳಗೆ, ಪರದೆಯ ಬೆಳಕಿನಲ್ಲಿ. ಪರದೆಯ ಮೇಲೆ ಕೆಂಪು ಸೀರೆ ಬಂದಾಗ ಅವರು ಕೆಂಪಗಿರುತ್ತಿದ್ದರು, ತೋಟ ಬಂದಾಗ ಹಸಿರಾಗಿರುತ್ತಿದ್ದರು. ಬಾಗಿಲ ಬೆಳಕಿನಲ್ಲಿ ಅವರು ನನ್ನ ಮುಖವನ್ನು ನೋಡುವಾಗ ನಾನು ಕಣ್ಣು ತಗ್ಗಿಸಿರುತ್ತಿದ್ದೆ. ಕಣ್ಣು ತಗ್ಗಿಸಿದಾಗ ಕಾಣುತ್ತಿದ್ದುದು ಪ್ರಿಂಟು ಹಿಡಿದ ಅವರ ಕೈ ಮಾತ್ರ.

ಕೈ ಎಂದುಕೊಂಡ ಕೂಡಲೇ ಎದ್ದು ನಿಂತೆ. "ಅಕ್ಕಾ, ಕೋಣಿ ಕೀಲಿ ಕೊಡ್ರಿ."

ಕಂಬಳಿ, ದಪ್ಪ ಮಾನಿಟರ್, ಗೂಡು ಎಲ್ಲವೂ ಇದ್ದಲ್ಲಿಯೇ ಇದ್ದವು. "ಹೊಸದು ತಗೊಳ್ಳೋ ಅಂದ್ರ ಕೇಳಲಿಲ್ಲ. ಇದರ ಬಣ್ಣ ನನಗ ಗೊತ್ತೈತಿ ಅಂದ" ಎಂದರು ಅಕ್ಕ. ವಿಭೂತಿ ಗಟ್ಟಿ ಸವೆದು ಹುಣಿಸೆ ಬೀಜದಷ್ಟು ಉಳಿದಿತ್ತು. ಅದರ ಕೆಳಗೆ ಕರಿಯ ಕವರ್. ಕವರಿನ ಬಾಯಿ ದಿನವೂ ತೆರೆದು ಮುಚ್ಚಿ ಬಟ್ಟೆಯಂತೆ ಮೆತ್ತಗಾಗಿತ್ತು. ಒಳಗಿನ ಪ್ರಿಂಟು ಮಾತ್ರ ಒಂದು ಎಳೆಯೂ ಮಾಸಿರಲಿಲ್ಲ. ನಾನು ಇದ್ದಂತೆಯೇ ಇದ್ದೆ. ಪಕ್ಕದಲ್ಲಿ ಅವರ ಕೈ ಇತ್ತು.

ಮಾನಿಟರ್ ಹಚ್ಚಿ, ಅದು ಕಾಯುವವರೆಗೆ ಕಾದೆ. ಕಿಟಕಿಯ ರಟ್ಟು ತೆಗೆದೆ. ಕಪ್ಪನ್ನು ಬೂದಿಯ ಅಂಚಿಗೆ ತಂದೆ. ಅಕ್ಕ ವಿಭೂತಿಯ ಚೂರನ್ನು ಪರದೆಗೆ ಹಿಡಿದರು; ಬಿಳಿಯನ್ನು ಅದಕ್ಕೆ ಕೂಡಿಸಿದೆ. ನಂತರ ಪ್ರಿಂಟಿನಲ್ಲಿದ್ದ ನನ್ನ ಮುಖಕ್ಕೆ ಪರದೆಯ ಮೇಲಿನ ನನ್ನ ಮುಖವನ್ನು ಕೂಡಿಸಿದೆ. ಅಷ್ಟಾದ ಮೇಲೆ, ಹೊಸ ಸ್ಟುಡಿಯೋದವರು ಕೊಟ್ಟಿದ್ದ ಸಿ.ಡಿ. ಹಾಕಿ ಅವರ ಮುಖವನ್ನು ತೆರೆದೆ. ಗುಲಾಬಿಯನ್ನು ಪೂರ್ತಿ ಕಳೆದೆ. ಆ ಕೈಯ ಬಣ್ಣವನ್ನು ಒಂದೊಂದೇ ಎಳೆಯಾಗಿ ಮುಖಕ್ಕೆ ತಂದೆ.

"ಕೈಗಿಂತ ಮುಖ ಒಂದೀಟು ತಿಳಿ ಇತ್ತವ್ವಾ" ಎಂದರು ಅಕ್ಕ, ಕಂಬಳಿಯೊಳಗೆ ತಲೆ ತೂರಿಸಿ. ಒಂದು ಎಳೆ ತಿಳಿ ಮಾಡಿದೆ. "ಇನ್ನೊಂದೀಟು. ಹಾಂ, ಇರ್ಲಿ, ನಿಲ್ಲಸು." ಅಕ್ಕ ಪರದೆಯನ್ನು ಮುಟ್ಟಿದರು. ಆಮೇಲೆ, ಎದುರಿಗೆ ಕುಳಿತು ಅತ್ತರು.

ಸಿ.ಡಿ.ಯನ್ನು ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆವು. ನನ್ನ ಪ್ರಿಂಟನ್ನು ಕರಿಯ ಕವರಿಗೆ ಹಾಕಿ, ಬೆಳಕು ತಾಗದಂತೆ ಮಡಿಚಿ, ಗೂಡಿನಲ್ಲಿ ಮೊದಲಿದ್ದಂತೆಯೇ ಇಟ್ಟೆ. ಅದನ್ನು ಯಾವ ಮನೆಯ ಗೋಡೆಗೂ ಹಾಕುವಂತಿಲ್ಲ.

ಪ್ರಿಂಟು ಬಂದ ಮರುದಿನ ಬೆಳಿಗ್ಗೆ ನಾನು ಪುನಃ ಕೊಟ್ಟೂರಿಗೆ ಹೋದೆ. ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬಾರದೆಂಬುದು ಅವರ ಕಟ್ಟುನಿಟ್ಟು. ಆದ್ದರಿಂದ ಅಕ್ಕ ಅದನ್ನು ಬಿಚ್ಚದೆ ಇಟ್ಟುಕೊಂಡಿದ್ದರು. ಹತ್ತು ಗಂಟೆಯ ಬೆಳಕು ಬಂದ ಮೇಲೆ ಬಾಗಿಲಿಗೆ ಒಯ್ದು, ಎದುರಿಗೆ ನಿಂತವರ ಮುಖ ಎಷ್ಟು ಎತ್ತರಕ್ಕೆ ಇರುತ್ತಿತ್ತೋ ಅಷ್ಟಕ್ಕೆ ಪ್ರಿಂಟನ್ನು ಎತ್ತಿ ಹಿಡಿದೆ. ಪಕ್ಕದಲ್ಲಿ ಬೆಳಕು ಮಾತ್ರ ಇತ್ತು.

"ಸರಿ ಐತೇನವ್ವಾ?" ಎಂದು ಅಕ್ಕ ಕೇಳಿದರು.

ಮೂಲವನ್ನು ಪಕ್ಕದಲ್ಲಿಟ್ಟು ನೋಡದೆ ಯಾವುದನ್ನೂ ಸರಿಯಿದೆ ಎಂದು ದೃಢೀಕರಿಸತಕ್ಕದ್ದಲ್ಲ ಎಂಬುದು ನಮ್ಮ ಕಚೇರಿಯ ನಿಯಮ. ಅವರ ನಿಯಮವೂ ಅದೇ ಆಗಿತ್ತು.

"ಸರಿ ಐತ್ರಿ ಅಕ್ಕಾ" ಎಂದೆ.